ಟ್ಯಾಬ್ ತೆರೆಯುವ ಮೊದಲು ಹೊಟ್ಟೆ ಮುಟ್ಟಿ ನೋಡಿ

ವಾರ್ಡಿಗೆ ಟ್ಯಾಬ್ ತರಲೇಬಾರದು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಹಾಸಿಗೆ ಪಕ್ಕ ನಿಂತು ಬರೆದ ನೋಟ್ಸು, ಮಧ್ಯಾಹ್ನ ಡ್ಯೂಟಿ ರೂಮಿನಲ್ಲಿ ನೆನಪು ಕೆದಕಿ ಬರೆದದ್ದಕ್ಕಿಂತ ಯಾವತ್ತೂ ಮೇಲು. ಆದರೆ ವೈದ್ಯಕೀಯ ವಿದ್ಯಾರ್ಥಿಗಳು ಅದನ್ನು ತೆರೆಯುವ ಹೊತ್ತೇ ತಪ್ಪು.

ಮೊದಲು ರೋಗಿಯ ಕೈಪಟ್ಟಿಯ ಹೆಸರು, ನಂಬರು ಎರಡನ್ನೂ ಸ್ಕ್ರೀನಿನ ಜೊತೆ ತಾಳೆ ನೋಡಿ. ಪಕ್ಕದ ಬೆಡ್ಡಿನ ಫೈಲ್ ತೆರೆದೇ ಉಳಿದಿರುವುದು ಮಾಮೂಲು. ಆಮೇಲೆ ಟ್ಯಾಬ್ ಬದಿಗಿಡಿ. ಹಿಸ್ಟರಿ ಕೇಳಿ, ಪರೀಕ್ಷೆ ಮಾಡಿ, ನಿಮಗೆ ತೋಚಿದ ಮೂರು ಡಯಾಗ್ನೋಸಿಸ್ ಬರೆದಿಟ್ಟುಕೊಳ್ಳಿ. ಸಂಭವನೀಯ ಕಾಯಿಲೆಗಳ ಪಟ್ಟಿ ಕೊಡುವ ಆ್ಯಪ್ ಅದಾದ ಮೇಲೆ. ಪಟ್ಟಿ ಮೊದಲು ಕಣ್ಣಿಗೆ ಬಿದ್ದರೆ, ಕೈ ಅದಕ್ಕೆ ಹೊಂದುವುದನ್ನೇ ಹುಡುಕುತ್ತದೆ.

ಸ್ಕೋರುಗಳನ್ನೇ ನೋಡಿ. ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಳ್ಳುವುದು) ಇರುವ ಸಾಧ್ಯತೆ ಅಳೆಯಲು ಬಳಸುವ ವೆಲ್ಸ್ ಸ್ಕೋರಿನ ಒಟ್ಟು 12.5 ಅಂಕಗಳಲ್ಲಿ 3 ಅಂಕ ಸಿಗುವುದು 'ಬೇರೆ ಕಾಯಿಲೆಯ ಸಾಧ್ಯತೆ ಇದಕ್ಕಿಂತ ಕಡಿಮೆ' ಎಂದು ನೀವೇ ತೀರ್ಮಾನಿಸಿದರೆ. ಅಂದರೆ ನಿಮ್ಮ ಊಹೆಯೇ ಅಂಕಿಯ ವೇಷ ತೊಟ್ಟು ವಾಪಸ್ ಬರುತ್ತದೆ!

ಯೂನಿಟ್ಟಿನ ಎಡವಟ್ಟು ಇನ್ನೂ ಅಪಾಯ. 70 ವರ್ಷದ ಗಂಡಸು, ತೂಕ 60 ಕೆಜಿ, ರಕ್ತದ ಕ್ರಿಯಾಟಿನಿನ್ 1.2 mg/dL: ಕಾಕ್‌ಕ್ರಾಫ್ಟ್-ಗಾಲ್ಟ್ ಸೂತ್ರದಲ್ಲಿ ಕ್ಲಿಯರೆನ್ಸ್, ಅಂದರೆ ಮೂತ್ರಪಿಂಡ ರಕ್ತ ಸೋಸುವ ವೇಗ, ನಿಮಿಷಕ್ಕೆ ಸುಮಾರು 49 ಮಿ.ಲೀ. ಅದೇ ತೂಕವನ್ನು ಪೌಂಡಿನಲ್ಲಿ, 132 ಎಂದು, ಕೆಜಿ ಜಾಗದಲ್ಲಿ ತುಂಬಿದರೆ 107. ನೋಡಲು ಸಹಜವಾಗಿಯೇ ಇರುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ, ಕಡಿಮೆ ಮಾಡಬೇಕಿದ್ದ ಜೆಂಟಮೈಸಿನ್ ಆ್ಯಂಟಿಬಯಾಟಿಕ್ ಪೂರ್ತಿ ಡೋಸ್ ಹೋಗುತ್ತದೆ.

ನನಗೆ ನಿಜಕ್ಕೂ ಸಿಟ್ಟು ಬರಿಸುವುದು ಕಾಪಿ-ಪೇಸ್ಟ್. ನಿನ್ನೆಯ ನೋಟ್ಸು ಎಳೆದು ತಂದು ತಾರೀಖು ಬದಲಿಸಿದರೆ, 'ಆಪರೇಷನ್ ಆಗಿ ಎರಡನೇ ದಿನ' ಎಂಬ ಸಾಲು ಐದನೇ ದಿನವೂ ಇರುತ್ತದೆ. ಟೆಂಪ್ಲೇಟಿನಲ್ಲಿ ಎಲ್ಲವೂ 'ನಾರ್ಮಲ್' ಎಂದು ಮೊದಲೇ ಟಿಕ್ ಆಗಿದ್ದರೆ, ಕಾಲು ಕತ್ತರಿಸಿದವರಿಗೂ ಎರಡೂ ಪಾದಗಳ ನಾಡಿ ಸಿಗುತ್ತದೆ. ಅಮೆರಿಕದ ವೈದ್ಯ ಲಾರೆನ್ಸ್ ವೀಡ್ 1968ರಲ್ಲಿ ದಾಖಲೆಯನ್ನು ಸಮಸ್ಯೆವಾರು ಬರೆಯಬೇಕೆಂದು ವಾದಿಸಿದ್ದು, ಬರೆಯುವವರು ಪ್ರತಿ ಸಮಸ್ಯೆಯನ್ನೂ ಯೋಚಿಸಲಿ ಎಂದು. ಸಮಸ್ಯೆಗಳ ಪಟ್ಟಿ, ಅಲರ್ಜಿ, ಔಷಧಿ ಪಟ್ಟಿ ಮುಂದಕ್ಕೆ ಬರಲಿ, ಅದನ್ನೂ ಒಮ್ಮೆ ಓದಿ. ರೋಗಿ ಹೇಳಿದ್ದು, ನೀವು ಕಂಡದ್ದು, ನಿಮ್ಮ ಅಭಿಪ್ರಾಯ ಇವನ್ನು ದಿನಾ ಹೊಸದಾಗಿ ಟೈಪ್ ಮಾಡಿ. ನೋಡದ್ದನ್ನು 'ನೋಡಿಲ್ಲ' ಎಂದೇ ಬರೆಯಿರಿ.

ಟೈಪ್ ಮಾಡುವಾಗ ಸ್ಕ್ರೀನ್ ರೋಗಿಗೂ ಕಾಣುವಂತೆ ಓರೆ ಹಿಡಿದರೆ, ಮಾತ್ರೆ ಹೆಸರು ತಪ್ಪಿದ್ದನ್ನು ಅವರೇ ತಿದ್ದುತ್ತಾರೆ. ವೈಫೈ ಸಿಗದ ಮೂಲೆಯಲ್ಲಿ ಬರೆದದ್ದು ಸೇವ್ ಆಯಿತೇ ಎಂದು ನೋಡದೆ ಮುಂದಿನ ಬೆಡ್ಡಿಗೆ ಹೋಗಬೇಡಿ. ರೋಗಿಯ ಫೋಟೋ ಸ್ವಂತ ಫೋನಿನಲ್ಲಿ ಬೇಡವೇ ಬೇಡ.

ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಹೋಗುವಾಗ ಟ್ಯಾಬನ್ನು, ಅದರ ಕವರಿನ ಅಂಚನ್ನೂ ಸೇರಿಸಿ, 70% ಆಲ್ಕೋಹಾಲ್ ವೈಪಿನಿಂದ ಒರೆಸಿ. ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಹೊತ್ತು ಒದ್ದೆಯಾಗಿರಬೇಕು. ಸಿ. ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದಿಂದ ಭೇದಿಯಾದ ರೋಗಿಯ ಬಳಿ ಮಾತ್ರ ಈ ಉಪಾಯ ನಡೆಯದು, ಅದರ ಬೀಜಾಣುಗಳು ಆಲ್ಕೋಹಾಲಿಗೆ ಸಾಯುವುದಿಲ್ಲ. ಆ ಕೋಣೆಗೆ ಟ್ಯಾಬ್ ಒಯ್ಯದೆ, ಹೊರಬಂದು ಸೋಪು ನೀರಿನಲ್ಲಿ ಕೈ ತೊಳೆದ ಮೇಲೆ ಬರೆಯುವುದೇ ಸರಿ.