ಕಲ್ಲಿನ ಸಂದಿಗೆ ಕಾಂಕ್ರೀಟ್ ತುಂಬಬೇಡಿ

ಕಳೆದ ವಾರ ಬೆಂಗಳೂರಿನಲ್ಲಿ ಒಂದು ಸಭೆ. ಮೇಜಿನ ಮೇಲೆ ಕಡಲ್ಕೊರೆತ ತಡೆಗೋಡೆಯ ನಕ್ಷೆ ಹರಡಿತ್ತು. ಹಿರಿಯರೊಬ್ಬರು, "ಈ ಬಂಡೆಗಳ ಸಂದಿಗೆಲ್ಲ ಕಾಂಕ್ರೀಟ್ ತುಂಬಿಸಿಬಿಡಿ. ನೋಡೋಕೂ ಚೆಂದ, ಗಟ್ಟಿಯಾಗಿಯೂ ಇರುತ್ತೆ" ಅಂದರು. "ಬೇಡ ಸಾರ್" ಅಂದೆ. ಅಲ್ಲಿ ಬಿಡಿಸಿ ಹೇಳಲು ಸಮಯ ಸಿಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅಲೆ ಇಳಿಜಾರಿಗೆ ಬಡಿದು ಮೇಲಕ್ಕೆ ಹತ್ತುತ್ತದೆ. ಎಷ್ಟು ಹತ್ತುತ್ತದೆ ಅನ್ನುವುದರ ಮೇಲೆ ಗೋಡೆಯ ಎತ್ತರ ನಿರ್ಧಾರವಾಗುತ್ತದೆ. ಸಾಮಾನ್ಯವಾಗಿ 100 ಅಲೆಗಳಲ್ಲಿ 2 ಮಾತ್ರ ದಾಟುವ ಮಟ್ಟವನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಎರಡೇ ತಾನೇ ಅನ್ನಬೇಡಿ. 10 ಸೆಕೆಂಡಿಗೊಂದು ಅಲೆ ಬಂದರೆ 3 ಗಂಟೆಗೆ 1080 ಅಲೆ. ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಆ ಗೆರೆ ದಾಟುತ್ತವೆ.

ಎಲ್ಲರೂ ಕೇಳುವುದು ಅಲೆ ಎಷ್ಟು ಎತ್ತರ ಅಂತ. ಎಷ್ಟು ಸೆಕೆಂಡಿಗೊಂದು ಅಂತ ಯಾರೂ ಕೇಳುವುದಿಲ್ಲ. 2 ಮೀಟರ್ ಅಲೆ, 1:2 ಇಳಿಜಾರು (1 ಮೀಟರ್ ಏರಲು 2 ಮೀಟರ್ ಅಡ್ಡಕ್ಕೆ), ನೀರು ಒಳಗೆ ಇಳಿಯದ ತಳದ ಮೇಲೆ ಕಲ್ಲು ಪೇರಿಸಿದ ಗೋಡೆ ಅಂದುಕೊಳ್ಳಿ. ಅಲೆ ಎಷ್ಟು ಹತ್ತುತ್ತದೆ ಅಂತ ಲೆಕ್ಕ ಹಾಕಲು ವಾನ್ ಡರ್ ಮೀರ್ ಮತ್ತು ಸ್ಟಾಮ್ ಎಂಬ ಸಂಶೋಧಕರು 1992ರಲ್ಲಿ ಕೊಟ್ಟ ಸೂತ್ರ ಹಾಕಿದರೆ, 6 ಸೆಕೆಂಡಿನ ಅಲೆ ಸುಮಾರು 3.7 ಮೀಟರ್ ಹತ್ತುತ್ತದೆ. ಅದೇ ಎತ್ತರದ 10 ಸೆಕೆಂಡಿನ ಅಲೆ 4.6 ಮೀಟರ್! ದೂರದ ಸಾಗರದಲ್ಲಿ ಎದ್ದು ಬರುವ ಅಲೆಗಳಿಗೆ ಈ ಉದ್ದನೆಯ ಲಯ ಇರುತ್ತದೆ. ಇಲ್ಲಿ ಗಾಳಿಯೇ ಇಲ್ಲದಿದ್ದರೂ ಅವು ಬರುತ್ತವೆ. ಕೇರಳದವರು ಇದನ್ನೇ ಕಳ್ಳಕ್ಕಡಲ್ ಅನ್ನುತ್ತಾರೆ. ಈ ಎತ್ತರವನ್ನೆಲ್ಲ ಅಳೆಯುವುದು ಆ ಹೊತ್ತಿನ ನೀರಿನ ಮಟ್ಟದಿಂದ. ಭರತ, ಅಂದರೆ ಉಬ್ಬರ ಇದ್ದರೆ ಅದೂ ಸೇರಿತು.

ಈಗ ಸಂದಿಗಳ ಮಾತು. ಗೋಡೆಯ ಒಳಗೂ ಕಲ್ಲೇ ಇದ್ದು ನೀರು ನುಗ್ಗಲು ಜಾಗವಿದ್ದರೆ, ಅದೇ 10 ಸೆಕೆಂಡಿನ ಅಲೆ 3.9 ಮೀಟರಿಗೇ ನಿಲ್ಲುತ್ತದೆ. ಸುಮಾರು 70 ಸೆಂಟಿಮೀಟರ್ ಉಳಿತಾಯ, ಸುಮ್ನೆ ಖಾಲಿ ಜಾಗದಿಂದ! ಅಲೆಯ ಶಕ್ತಿಯನ್ನು ನುಂಗುವುದೇ ಆ ಸಂದಿಗಳು. ನಮ್ಮ ಎಂಜಿನಿಯರಿಂಗ್ ಕೈಪಿಡಿಗಳಲ್ಲಿ, ಇಳಿಜಾರಿನ ಒರಟುತನ ಅಲೆಯನ್ನು ಎಷ್ಟು ತಗ್ಗಿಸುತ್ತದೆ ಅನ್ನುವುದಕ್ಕೊಂದು ಗುಣಾಂಕ ಇದೆ. ನುಣುಪು ಇಳಿಜಾರಿಗೆ 1. ಎರಡು ಪದರ ಕಲ್ಲಿಗೆ 0.55. ಒಳಗೂ ನೀರು ಹರಿಯುವಂತಿದ್ದರೆ 0.40. ಕಡಿಮೆಯಾದಷ್ಟೂ ಒಳ್ಳೆಯದು. ಕಾಂಕ್ರೀಟ್ ತುಂಬಿದರೆ ನಾವೇ ಕೈಯಾರೆ 1ರ ಕಡೆಗೆ ವಾಪಸ್ ಹೋದ ಹಾಗೆ ಅಲ್ವಾ? ಇನ್ನೊಂದು, ಒಳಗೆ ಸಿಕ್ಕಿಕೊಂಡ ನೀರು ಹೊರಗೆ ಬರಲು ದಾರಿಯಿಲ್ಲದೆ ಹಿಂದಿನಿಂದ ಒತ್ತುತ್ತದೆ. ಆಗ ಗಟ್ಟಿ ಅಂದುಕೊಂಡ ಹೊದಿಕೆಯೇ ಬಿರಿಯುತ್ತದೆ.

ಮಂಗಳೂರಿನ ಹತ್ತಿರದ ಉಳ್ಳಾಲ, ಸೋಮೇಶ್ವರದ ಕಡೆ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರನ್ನು ನೆನೆದರೆ ಸಂಕಟವಾಗುತ್ತದೆ. ಬೆಂಗಳೂರಿನಲ್ಲಿ ಕೂತು ನಕ್ಷೆಗೆ ಸಹಿ ಹಾಕುವ ಗೆಳೆಯರೇ, ಮಳೆಗಾಲದ ಅಲೆ ಎಷ್ಟು ಸೆಕೆಂಡಿಗೊಂದು ಅನ್ನುವುದನ್ನು ನಕ್ಷೆಯ ಮೇಲೆಯೇ ಬರೆಸಿ. ಸಂದಿಗೆ ಕಾಂಕ್ರೀಟ್ ಹಾಕುವ ಹಾಗಿಲ್ಲ ಅಂತ ಟೆಂಡರ್‌ನಲ್ಲೇ ಸೇರಿಸಿ.