ಅದು ರಷ್ಯನ್ ಪಿಕ್ಚರ್ ಅಲ್ಲ ಭಾವಾ

ಶನಿವಾರದಿಂದ ತಲೆ ಕೆಟ್ಟಿದೆ, ಬರ್ದು ಹಾಕೋವರೆಗೂ ನಿದ್ದೆ ಬರಲ್ಲ. ಉದ್ದ ಆಗತ್ತೆ, ಪುರುಸೊತ್ತಿರೋರು ಓದಿ, ಇಲ್ದೋರು ಒಂದು ಲೈಕ್ ಒತ್ತಿ ಮುಂದಕ್ಕೆ ಹೋಗಿ, ಬೇಜಾರಿಲ್ಲ.

ಅಕ್ಕನ ಮನೆಗೆ ಹೋಗಿದ್ದೆ. ಊಟ ಆದ್ಮೇಲೆ ನಮ್ಮ ಅಳಿಯ, ಅದೇ ಅಕ್ಕನ ಮಗ, ಲ್ಯಾಪ್‌ಟಾಪಿಂದ ಟೀವಿಗೆ ವೈರ್ ಸಿಕ್ಸಿ "ಮಾಮ, ಇಪ್ಪತ್ತು ನಿಮಿಷ ಅಷ್ಟೇ, ಸುಮ್ನೆ ಕೂತ್ಕೊಂಡು ನೋಡು" ಅಂತ ಒಂದು ಶಾರ್ಟ್ ಫಿಲಂ ಹಾಕ್ದ. ‘ರಾಕ್, ಪೇಪರ್, ಸಿಸರ್ಸ್’ ಅಂತ ಹೆಸರು. ಫ್ರಾಂಝ್ ಬೋಮ್ ಅನ್ನೋರು ಮಾಡಿರೋದು, 2025ರ ಫೆಬ್ರವರಿಯಲ್ಲಿ ಬಾಫ್ತಾದವರು, ಅದೇ ಬ್ರಿಟನ್ನಿನ ಸಿನಿಮಾ ಅಕಾಡೆಮಿಯವರು, ಬೆಸ್ಟ್ ಬ್ರಿಟಿಷ್ ಶಾರ್ಟ್ ಫಿಲಂ ಅಂತ ಪ್ರಶಸ್ತಿ ಕೊಟ್ಟಿದ್ದು. ಪ್ರಶಸ್ತಿ ಬ್ರಿಟಿಷರದ್ದೇನೋ ಸರಿ, ಆದ್ರೆ ಕಥೆ ಉಕ್ರೇನಿಂದು, ಮಾತು ಉಕ್ರೇನಿಯನ್ ಭಾಷೇದು. ಇದನ್ನ ನೆನಪಿಟ್ಕೊಳ್ಳಿ, ಜಗಳ ಇರೋದೇ ಇಲ್ಲಿ.

ಇವಾನ್ ಅಂತ 17 ವರ್ಷದ ಹುಡುಗ. ಯುದ್ಧ ನಡೀತಿರೋ ಕಡೆ ನೆಲದಡಿ ಒಂದು ಬಂಕರ್, ಅದನ್ನೇ ಹೆಂಗೋ ಆಸ್ಪತ್ರೆ ಮಾಡ್ಕೊಂಡಿದಾರೆ, ಅಲ್ಲಿ ಅಪ್ಪನ ಜೊತೆ ಇದಾನೆ. ಗಾಯ ಆದೋರು ಮಲ್ಗಿದಾರೆ. ಶತ್ರು ಸೈನಿಕರು ಹತ್ರ ಬರ್ತಿದಾರೆ. ಒಳಗಿರೋರು ಉಳೀಬೇಕು ಅಂದ್ರೆ ಈ ಹುಡುಗ ಒಂದು ತೀರ್ಮಾನ ತಗೋಬೇಕು. ಮುಂದಿಂದು ಹೇಳಲ್ಲ, ನೋಡಿ. ನಿಜವಾಗ್ಲೂ ನಡೆದಿದ್ದರ ಮೇಲೆ ಮಾಡಿರೋ ಸಿನಿಮಾ. ಮಕ್ಕಳು ಆಡೋ ಕಲ್ಲು-ಕಾಗದ-ಕತ್ತರಿ ಆಟದ ಹೆಸರನ್ನ ಇಂಥಾ ಕಥೆಗೆ ಇಟ್ಟಿದಾರಲ್ಲಾ, ಅದಕ್ಕೇ ನಂಗೆ ಹೊಟ್ಟೆ ಹಿಂಡ್ದಂಗಾಯ್ತು. ಮುಗಿದಾಗ ಯಾರೂ ಮಾತಾಡ್ಲಿಲ್ಲ. ಅಕ್ಕ ಸೆರಗಲ್ಲಿ ಮೂಗು ಒರೆಸ್ಕೊಂಡ್ಳು. ಟೀವಿ ಮೇಲೆ ಹೆಸರುಗಳು ಓಡ್ತಿದ್ವು.

ಆಗ ನಮ್ಮ ಭಾವ ಸೋಫಾದಿಂದ ಎದ್ದು ಮೈ ಮುರಿದು ಹೇಳಿದ್ದು: "ಈ ರಷ್ಯನ್ ಪಿಕ್ಚರ್‌ಗಳೆಲ್ಲಾ ಹಿಂಗೇ ಕಣೋ, ಬರೀ ಅಳು."

ರಷ್ಯನ್ ಪಿಕ್ಚರ್!

ಯಾರ ಬಾಂಬಿಗೆ ಹೆದರಿ ಆ ಹುಡುಗ ನೆಲದೊಳಗೆ ಕೂತಿದಾನೋ ಅವರ ಹೆಸರನ್ನೇ ಅವನ ಸಿನಿಮಾಗೆ ಇಡೋದು ಅಂದ್ರೆ ಏನ್ರೀ ಇದು. ನಾನು "ಭಾವ, ಅದು ಉಕ್ರೇನಿಯನ್ನು" ಅಂದೆ. "ಅಯ್ಯೋ ಎಲ್ಲಾ ಒಂದೇ ಬಿಡಪ್ಪಾ, ಕೇಳೋಕೂ ಒಂದೇ ಥರ ಇದೆ" ಅಂದ್ರು.

ಈಗ ನಮ್ಮ ಭಾವನ ಬಗ್ಗೆ ಗೊತ್ತಿಲ್ದೋರಿಗೆ ಒಂದು ಮಾತು. ಇವರ ಕಾರಿನ ಹಿಂದಿನ ಗಾಜಲ್ಲಿ ಮೊಳದುದ್ದ ಅರಿಶಿನ-ಕುಂಕುಮದ ಬಾವುಟ ಇದೆ. ಯಾವ್ದೋ ಕಾಲದಲ್ಲಿ ಟ್ರೈನಿಂಗಿಗೆ ಅಂತ ದೆಹಲಿಗೆ ಹೋದಾಗ ಮೆಸ್ಸಲ್ಲಿ ಒಬ್ಬ ಇವರನ್ನ ‘ಮದ್ರಾಸಿ’ ಅಂದಿದ್ದ, ಆ ಕಥೆಯನ್ನ ನಾನು ಕಮ್ಮಿ ಅಂದ್ರೂ ಹತ್ತು ಮದ್ವೆ ಮನೇಲಿ ಕೇಳಿದೀನಿ, ಪ್ರತಿ ಸಲಾನೂ ಅದೇ ಕೋಪ, ಅದೇ ಕೆಂಪು ಮುಖ. ಹೈದರಾಬಾದ್ ಕಡೆಯೋನು ಯಾರೋ ನಮ್ಮ ಅಂಗಡಿ ಬೋರ್ಡ್ ನೋಡಿ "ಇದು ತೆಲುಗು ಅಲ್ವಾ" ಅಂದ್ರೆ ಭಾವ ಅಲ್ಲೇ ನಿಲ್ಲಿಸಿ ಹಲ್ಮಿಡಿ ಶಾಸನದಿಂದ ಪಾಠ ಶುರು ಮಾಡ್ತಾರೆ. ಅಂಥಾ ಮನುಷ್ಯ "ಎಲ್ಲಾ ಒಂದೇ" ಅಂತಾರೆ ಅಂದ್ರೆ ನಾನು ಯಾವ ಗೋಡೆಗೆ ತಲೆ ಚಚ್ಕೊಳ್ಳಿ?

"ಎಲ್ಲಾ ಒಂದೇ" ಅನ್ನೋ ಮಾತು ಇವತ್ತಿಂದಲ್ಲ. 1863ರಲ್ಲಿ ರಷ್ಯಾದ ದೊರೆ ತ್ಸಾರ್ ಸರ್ಕಾರದ ಮಂತ್ರಿ ವಲುಯೆವ್ ಹೊರಡಿಸಿದ ಸುತ್ತೋಲೆಯಲ್ಲಿ ಇದ್ದಿದ್ದೂ ಇದೇ ರಾಗ, ಉಕ್ರೇನಿಯನ್ ಅಂತ ಬೇರೆ ಭಾಷೆ ಇಲ್ಲ, ಇರೋಕೂ ಸಾಧ್ಯ ಇಲ್ಲ ಅಂತ. 1876ರಲ್ಲಿ ತ್ಸಾರ್ ಎರಡನೇ ಅಲೆಕ್ಸಾಂಡರ್ ಜರ್ಮನಿಯ ಎಮ್ಸ್ ಅನ್ನೋ ಊರಲ್ಲಿ ಕೂತ್ಕೊಂಡು ಉಕ್ರೇನಿಯನ್ ಪುಸ್ತಕ ಅಚ್ಚು ಹಾಕೋ ಹಂಗಿಲ್ಲ, ಹೊರಗಿಂದ ತರೋ ಹಂಗಿಲ್ಲ, ನಾಟಕ ಆಡೋ ಹಂಗಿಲ್ಲ ಅಂತ ಆಜ್ಞೆಗೆ ಸಹಿ ಹಾಕ್ದ. ಇಲ್ಲದೇ ಇರೋ ಭಾಷೆಗೆ ನಿಷೇಧ ಯಾಕೆ ಸ್ವಾಮಿ ಬೇಕಿತ್ತು? ಸಿನಿಮಾಗೇ ಬರೋಣ. ನಿರ್ದೇಶಕ ಪರಜಾನೋವ್ 1965ರಲ್ಲಿ ಉಕ್ರೇನಿನ ಕಾರ್ಪೇಥಿಯನ್ ಬೆಟ್ಟದ ಜನರ ಕಥೆ ಸಿನಿಮಾ ಮಾಡಿದಾಗ ಆ ಜನರ ಆಡುಮಾತನ್ನೇ ಇಟ್ರು, ರಷ್ಯನ್ನಿಗೆ ಡಬ್ ಮಾಡಿ ಅಂದ್ರೆ ಒಪ್ಲಿಲ್ಲ. ಅವರು ಹುಟ್ಟಿನಿಂದ ಉಕ್ರೇನಿಯನ್ ಕೂಡ ಅಲ್ಲ, ಅರ್ಮೇನಿಯನ್ನು! (ಕಾಮೆಂಟಲ್ಲಿ ಡಬ್ಬಿಂಗ್ ಜಗಳ ಶುರು ಮಾಡ್ಬೇಡಿ, ಕೈ ಮುಗೀತೀನಿ.)

ಅಳಿಯ ಓದಿಕೊಂಡಿದಾನೆ, ಅಪ್ಪನ ಪರ ವಕಾಲತ್ತಿಗೆ ಬಂದ. "ಮಾಮ, ಝೆಲೆನ್‌ಸ್ಕಿನೇ ರಷ್ಯನ್ ಮಾತಾಡ್ಕೊಂಡು ಬೆಳೆದೋನು. ಖಾರ್ಕಿವ್, ಒಡೆಸಾ ಕಡೆ ಎಷ್ಟೋ ಮನೇಲಿ ರಷ್ಯನ್ನೇ. ಎರಡನ್ನೂ ಕಲಸಿ ಮಾತಾಡೋರೂ ಇದಾರೆ, ಸುರ್ಝಿಕ್ ಅಂತಾರೆ ಅದಕ್ಕೆ." ಇದಾರಪ್ಪಾ, ಯಾರು ಇಲ್ಲ ಅಂದಿದ್ದು? ಸುರ್ಝಿಕ್ ಅಂದ್ರೆ ಮೊದಲು ಬೆರಕೆ ಕಾಳು, ಬೆರಕೆ ಹಿಟ್ಟು ಅಂತ ಅರ್ಥ. ನಾನು ಮುಳಬಾಗಿಲು ಕಡೆಯೋನು ಅಂತ ನಿಮಗೆಲ್ಲಾ ಗೊತ್ತು, ನಮ್ಮಜ್ಜಿ ಒಂದೇ ಉಸಿರಲ್ಲಿ ಅರ್ಧ ತೆಲುಗಲ್ಲಿ ಬೈದು ಇನ್ನರ್ಧ ಕನ್ನಡದಲ್ಲಿ ಊಟಕ್ಕೆ ಕರೀತಿದ್ಳು. ಅಂದಮಾತ್ರಕ್ಕೆ ಮುಳಬಾಗಿಲನ್ನ ಆಂಧ್ರಕ್ಕೆ ಬರ್ಕೊಟ್ಬಿಡ್ತೀರಾ? ಮನೇಲಿ ಯಾವ ಭಾಷೆ ಆಡ್ತಾರೆ ಅನ್ನೋದು ಬೇರೆ, ನೀನು ಯಾರು ಅಂತ ಪಕ್ಕದ ಮನೆಯೋನು ಬಂದು ಹೇಳೋದು ಬೇರೆ. ವಾದ ಮುಗೀತು. ಅವನೂ ಫೋನ್ ತೆಗ್ದ.

ಇರಲಿ, ತಪ್ಪೊಪ್ಕೋತೀನಿ. ಇಷ್ಟೆಲ್ಲಾ ಹಾರಾಡೋ ನಾನು ಕಾಲೇಜಲ್ಲಿದ್ದಾಗ ಫಿಲಂ ಸೊಸೈಟಿಯಲ್ಲಿ ದೊವ್ಝೆಂಕೋ ಅನ್ನೋ ನಿರ್ದೇಶಕರ 1930ರ ‘ಅರ್ಥ್’ ಸಿನಿಮಾ ನೋಡಿದೆ. ಗಾಳಿಗೆ ತೂಗೋ ಪೈರು, ನೆಲದ ಮೇಲೆ ರಾಶಿ ಸೇಬು, ಅದರ ಮಧ್ಯೆ ಆರಾಮಾಗಿ ಸಾಯೋ ಮುದುಕ, ಇವತ್ತಿಗೂ ಕಣ್ಣಲ್ಲಿದೆ. ಮಾರನೇ ದಿನ ಕೂತು ಕಾಲೇಜ್ ಮ್ಯಾಗಝೀನಿಗೆ ಎರಡು ಪೇಜ್ ಬರ್ದೆ, ಹೆಡಿಂಗು "ರಷ್ಯದ ಮಣ್ಣಿನ ಕವಿ". ರಷ್ಯದ ಮಣ್ಣು! ಮನುಷ್ಯ ಹುಟ್ಟಿದ್ದು ಚೆರ್ನಿಹಿವ್ ಕಡೆ, ಸಿನಿಮಾದ ಮಣ್ಣು ಉಕ್ರೇನಿಂದು, ಕೀವ್‌ನ ಸ್ಟುಡಿಯೋಗೇ ಅವರ ಹೆಸರಿದೆ. ಯಾರೂ ನನ್ನ ತಿದ್ಲಿಲ್ಲ, ಯಾಕಂದ್ರೆ ತಿದ್ದೋರಿಗೂ ಗೊತ್ತಿರ್ಲಿಲ್ಲ. ನಮಗೆಲ್ಲಾ ಸೋವಿಯತ್ ಲ್ಯಾಂಡ್ ಪತ್ರಿಕೆಯ ನುಣುಪು ಹಾಳೇಲಿ ನೋಟ್‌ಬುಕ್ಕಿಗೆ ಬೈಂಡ್ ಹಾಕಿ ಅಭ್ಯಾಸ, ಅದರ ಮೇಲಿದ್ದ ಗೋಧಿ ಹೊಲ, ಟ್ರ್ಯಾಕ್ಟರ್, ಕೆಂಪು ಕೆನ್ನೆ ಹುಡ್ಗಿ ಎಲ್ಲಾ ‘ರಷ್ಯಾ’. ಆ ಹೊಲ ಯಾರದ್ದು ಅಂತ ಒಬ್ರೂ ಕೇಳ್ಲಿಲ್ಲ. ಆ ಮ್ಯಾಗಝೀನು ಅಟ್ಟದ ಮೇಲಿದೆ, ಸುಟ್ಟಾಕೋಣ ಅಂದ್ರೆ ಅದರಲ್ಲೇ ನನ್ನ ಮೊದಲ ಫೋಟೋ ಬಂದಿರೋದು.

ಆದ್ರೆ ಆಗ ಗೊತ್ತಿರ್ಲಿಲ್ಲ, ಈಗ ಏನು ನೆಪ? ‘ನಾಟು ನಾಟು’ ಹಾಡಿಗೆ ಕುಣಿಯೋವಾಗ ಹಿಂದೆ ಕಾಣೋ ನೀಲಿ ಅರಮನೆ ಕೀವ್‌ದು, 2021ರಲ್ಲಿ ಶೂಟ್ ಮಾಡಿದ್ದು, ಅದಾಗಿ ಆರು ತಿಂಗಳು ಆಗೋ ಹೊತ್ತಿಗೆ ಆ ಊರಿನ ಮೇಲೆ ಮಿಸೈಲು. ಅದೂ ಬಿಡಿ. 2022ರ ಮಾರ್ಚ್ 1, ನಮ್ಮ ಹಾವೇರಿ ಜಿಲ್ಲೆಯ ಹುಡುಗ, ಮೆಡಿಕಲ್ ಓದೋಕೆ ಹೋದೋನು, ಖಾರ್ಕಿವ್‌ನಲ್ಲಿ ಊಟದ ಸಾಮಾನು ತರೋಕೆ ಹೋಗಿ ಶೆಲ್ ದಾಳಿಗೆ ಸಿಕ್ಕಿ ತೀರ್ಕೊಂಡ. 21ನೇ ತಾರೀಖು ಪಾರ್ಥಿವ ಶರೀರ ಬೆಂಗಳೂರಿಗೆ ಬಂತು. ಆ ಮೂರು ವಾರ ಇದೇ ಭಾವ ನ್ಯೂಸ್ ಚಾನೆಲ್ ಮುಂದೆ ಕೂತು ಕಣ್ಣೊರೆಸ್ಕೊಂಡು "ಉಕ್ರೇನು, ಉಕ್ರೇನು" ಅಂತಿದ್ರು, ಮೇರಿಯೂಪೊಲ್ ಎಲ್ಲಿದೆ ಅಂತ ನನಗೇ ಮ್ಯಾಪಲ್ಲಿ ತೋರ್ಸಿದ್ರು. ಈಗ ಆ ಜಾಗಕ್ಕೆ ಮತ್ತೆ ರಷ್ಯಾ ಬಂದು ಕೂತಿದೆ, ಅವರ ತಲೇಲೂ.

ಮಾತಿಗೆ ಮಾತು ಬೆಳೆದು ಭಾವ ಕೊನೆಗೆ ಸವಾಲು ಹಾಕಿದ್ರು, "ಸರಿ ಕಣಯ್ಯಾ, ಏನು ವ್ಯತ್ಯಾಸ, ಒಂದೇ ಒಂದು ತೋರ್ಸು ನೋಡಣ." ನಾನು ಮೊದಲು ಅಕ್ಷರ ಹೇಳ್ದೆ. ಕಡ್ಡಿ ನಿಲ್ಸಿ ತಲೆ ಮೇಲೆ ಎರಡು ಚುಕ್ಕಿ ಇಟ್ರೆ ‘ಯಿ’, ಇದು ಉಕ್ರೇನಿಯನ್ನಲ್ಲಿದೆ, ರಷ್ಯನ್ನಲ್ಲಿಲ್ಲ, ರಷ್ಯಾ ಹಿಡ್ಕೊಂಡಿರೋ ಊರುಗಳ ಗೋಡೆ ಮೇಲೆ ಜನ ಕದ್ದು ಈ ಒಂದೇ ಅಕ್ಷರ ಬರೀತಾರೆ, ಅಷ್ಟೇ ಸಾಕು ಪ್ರತಿಭಟನೆಗೆ. ಭಾವ ಅಲ್ಲಾಡ್ಲಿಲ್ಲ. ಆಮೇಲೆ ಪಲ್ಯನಿತ್ಸ್ಯ ಹೇಳ್ದೆ. ಗುಂಡಗಿರೋ ಗೋಧಿ ಬ್ರೆಡ್ಡು. ರಷ್ಯನ್ನರ ಬಾಯಲ್ಲಿ ಈ ಪದ ಸರಿಯಾಗಿ ತಿರುಗಲ್ಲ, ಅದಕ್ಕೇ 2022ರಲ್ಲಿ ಯಾರ ಮೇಲಾದ್ರೂ ಅನುಮಾನ ಬಂದ್ರೆ ಉಕ್ರೇನಿನ ಚೆಕ್‌ಪೋಸ್ಟಲ್ಲಿ "ಪಲ್ಯನಿತ್ಸ್ಯ ಅನ್ನು" ಅಂತಿದ್ರು, ನಾವು ‘ಳ’ ಹೇಳ್ಸಿ ನೋಡಲ್ವಾ, ಹಂಗೇ. 2024ರ ಆಗಸ್ಟಲ್ಲಿ ಉಕ್ರೇನಿನೋರು ತಮ್ಮದೇ ಹೊಸ ಕ್ಷಿಪಣಿಗೂ ಈ ಬ್ರೆಡ್ಡಿನ ಹೆಸರೇ ಇಟ್ರು.

ಅಳಿಯ ಫೋನಲ್ಲಿ ಉಚ್ಚಾರಣೆ ಹಾಕ್ದ. ಭಾವ ಗಂಟಲು ಸರಿ ಮಾಡ್ಕೊಂಡು "ಪಾಲಿನೀಸಾ" ಅಂದ್ರು. ಇನ್ನೊಂದ್ಸಲ "ಪಾಲಾನಿಚ್ಚಾ". ಬಾವುಟದ ಕಾರಿನೋರನ್ನ ಚೆಕ್‌ಪೋಸ್ಟಲ್ಲಿ ಇಳ್ಸಿ ಕೈ ಮೇಲೆತ್ತಿಸ್ತಿದ್ರು, ಗ್ಯಾರಂಟಿ. ಅಷ್ಟ್ರಲ್ಲಿ ಅಕ್ಕ ಅಡುಗೆ ಮನೆಯಿಂದ, ಪಾತ್ರೆ ಉಜ್ತಾ, ತಿರುಗಿ ಕೂಡ ನೋಡ್ದೆ, ನೆಟ್ಟಗೆ "ಪಲ್ಯನಿತ್ಸ್ಯ" ಅಂದ್ಳು.

"ಪಲ್ಯ ಅಂತ ಶುರು ಮಾಡ್ರೀ, ತಾನಾಗೇ ಬರತ್ತೆ. ಮಧ್ಯಾಹ್ನ ಎರಡ್ಸಲ ಹಾಕಿಸ್ಕೊಂಡು ತಿಂದ್ರಲ್ಲಾ."