ಮಗನನ್ನು ಹೊರಗೆ ಕೂರಿಸಿ ಕೇಳುವ ಪ್ರಶ್ನೆ

ಅಪ್ಪನ ಎಟಿಎಂ ಕಾರ್ಡು ಮಗನ ಪರ್ಸಿನಲ್ಲಿರುವುದು, ಅಜ್ಜಿಯ ವೃದ್ಧಾಪ್ಯ ವೇತನ ಬಂದ ದಿನವೇ ಸೊಸೆಯ ಕೈ ಸೇರುವುದು ನಮ್ಮ ಊರುಗಳಲ್ಲಿ ಯಾರಿಗೂ ವಿಶೇಷ ಅನ್ನಿಸುವುದಿಲ್ಲ. ಒಂದೇ ಮನೆ, ಒಂದೇ ಒಲೆ, ದುಡ್ಡು ಯಾರ ಹತ್ತಿರ ಇದ್ದರೇನು ಅನ್ನುತ್ತೇವೆ. ಎಷ್ಟೋ ಮನೆಗಳಲ್ಲಿ ಅದು ನಿಜವೂ ಹೌದು. ಆದರೆ ಆ ಅಪ್ಪ "ನನ್ನ ಪೆನ್ಶನ್‌ ದುಡ್ಡಲ್ಲಿ ಎಷ್ಟು ಉಳಿದಿದೆಯಪ್ಪಾ?" ಎಂದು ಕೇಳಿದಾಗ ಮಗನ ಮುಖ ಗಂಟಿಕ್ಕುತ್ತದೆಯೇ? ಗಂಟಿಕ್ಕುವುದಾದರೆ ಆ ಮನೆಯಲ್ಲಿ ಏನೋ ಸರಿಯಿಲ್ಲ. ಅದು ಹೊರಗಿನವರ ಕಣ್ಣಿಗೆ ಬೀಳುವ ದಾರಿ ನಮ್ಮ ವ್ಯವಸ್ಥೆಯಲ್ಲಿ ತೀರಾ ಕಿರಿದು.

ನಾನಿರುವುದು ಇಂಗ್ಲೆಂಡಿನಲ್ಲಿ. ಇಲ್ಲಿ 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆಯಡಿ 'ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ' ಎಂಬ ಪತ್ರ ಮಾಡಿಸುತ್ತಾರೆ. ಬುದ್ಧಿ ನೆಟ್ಟಗಿರುವಾಗಲೇ, ಮುಂದೆ ಮರೆವು ಬಂದರೆ ನನ್ನ ಹಣಕಾಸು ಇಂಥವರು ನೋಡಿಕೊಳ್ಳಲಿ ಎಂದು ಬರೆದಿಡುವುದು. ಪಬ್ಲಿಕ್ ಗಾರ್ಡಿಯನ್ ಕಚೇರಿಯಲ್ಲಿ ನೋಂದಣಿಯಾಗುವವರೆಗೆ ಅದಕ್ಕೆ ಬೆಲೆಯಿಲ್ಲ. ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು 'ಸರ್ಟಿಫಿಕೇಟ್ ಪ್ರೊವೈಡರ್' ಎಂಬ ಪಾತ್ರ. ಆತ ಆ ಕುಟುಂಬದವನಾಗಿರಬಾರದು. ಹಿರಿಯರನ್ನು ಕನಿಷ್ಠ 2 ವರ್ಷದಿಂದ ಚೆನ್ನಾಗಿ ಬಲ್ಲವನಾಗಿರಬೇಕು, ಇಲ್ಲವೇ ವೈದ್ಯ, ವಕೀಲರಂಥ ವೃತ್ತಿಯವನಾಗಿರಬೇಕು. ಇವರಿಗೆ ವಿಷಯ ಅರ್ಥವಾಗಿದೆ, ಯಾರ ಒತ್ತಾಯವೂ ಇಲ್ಲ ಎಂದು ಮಾತಾಡಿ ಖಚಿತಪಡಿಸಿಕೊಂಡ ಮೇಲೆ ಸಹಿ ಹಾಕಬೇಕು.

ಪರಿಚಯದ ಕನ್ನಡ ಕುಟುಂಬವೊಂದರ ತಾಯಿಗೆ ನಾನು ಆ ಸಹಿ ಹಾಕಿದ್ದೇನೆ. ತುಮಕೂರು ಕಡೆಯವರು, ಗಂಡ ತೀರಿಕೊಂಡ ಮೇಲೆ ಮಗನ ಮನೆಗೆ ಬಂದವರು. ಸ್ವಲ್ಪ ಹೊತ್ತು ಹೊರಗಿರಪ್ಪ ಎಂದು ಮಗನಿಗೆ ಹೇಳಿದೆ. "ಅವನೂ ಇರ್ಲಿ ಬಿಡಪ್ಪಾ, ಅವನಿಗೆ ಗೊತ್ತಿಲ್ದೇ ಇರೋದು ಏನಿದೆ?" ಅಂದರು ತಾಯಿ. ಆದರೂ ಬಾಗಿಲು ಹಾಕಿದೆ. ದುಡ್ಡಿನ ವಿಷಯ ಕೇಳಿದ್ದಕ್ಕೆಲ್ಲ ಸರಿಯಾಗಿಯೇ ಉತ್ತರ ಕೊಟ್ಟರು. ಆಮೇಲೆ ದನಿ ತಗ್ಗಿಸಿ, "ವರ್ಷಾ ವರ್ಷಾ ಗೌರಿ ಹಬ್ಬಕ್ಕೆ ಮಗಳಿಗೆ ಬಾಗಿನದ ದುಡ್ಡು ಕಳಿಸ್ತೀನಪ್ಪಾ. ನಾನು ಮರೆತ್ರೂ ಅದು ನಿಲ್ಲಬಾರ್ದು. ಅವಳಿಗೆ ಕೊಟ್ಟಿದ್ದು ಸಾಕು ಅಂತಾನೆ ಇವ್ನು. ಬರೆಸೋಕಾಗುತ್ತಾ?" ಎಂದರು. ಆಗುತ್ತದೆ. ಅಂಥ ಇಷ್ಟಗಳನ್ನು ಬರೆಯಲು ಆ ಪತ್ರದಲ್ಲೇ ಜಾಗವಿದೆ. ಹಬ್ಬ, ಮದುವೆ, ಹುಟ್ಟುಹಬ್ಬದಂಥ ವಾಡಿಕೆಯ ಸಂದರ್ಭದಲ್ಲಿ ಆಸ್ತಿಗೆ ತಕ್ಕಷ್ಟು ಉಡುಗೊರೆ ಕೊಡಬಹುದೆಂದು ಕಾಯ್ದೆಯ 12ನೇ ಕಲಮೂ ಹೇಳುತ್ತದೆ. ಬರೆಸಿದೆವು. ಮಗ ಒಳಗೆ ಬಂದು ಓದಿ, ಆಗಲಿ ಅಂದ. ಅವನು ಕೆಟ್ಟವನಲ್ಲ. ಆದರೂ ಅವನೆದುರು ಆ ತಾಯಿಯ ಬಾಯಿಂದ ಆ ಮಾತು ಬರುತ್ತಿರಲಿಲ್ಲ.

ಊರಿನ ಉಪನೋಂದಣಾಧಿಕಾರಿ ಕಚೇರಿಯ ಚಿತ್ರವೇ ಬೇರೆ. ದಾನಪತ್ರ ಬರೆಸಲು ಬಂದ ಎಂಬತ್ತರ ಅಪ್ಪನ ಪಕ್ಕದಲ್ಲಿ ನಿಂತಿರುವವನು ಆಸ್ತಿ ಪಡೆಯುವ ಮಗನೇ. ಪತ್ರ ಬರಹಗಾರರನ್ನು ಗೊತ್ತು ಮಾಡಿದವನು, ಸಾಕ್ಷಿಗಳನ್ನು ಕರೆತಂದವನು, ಕಾರಿನಲ್ಲಿ ಕೂರಿಸಿಕೊಂಡು ಬಂದವನು ಎಲ್ಲವೂ ಅವನೇ. ಫೋಟೋ, ಹೆಬ್ಬೆಟ್ಟು, ಸಹಿ, ಮುಗಿಯಿತು. ಸಹಿ ಹಾಕಲು ಬಂದವರಿಗೆ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕಂಡರೆ ಅಧಿಕಾರಿ ನೋಂದಣಿ ನಿರಾಕರಿಸಬೇಕೆಂದು 1908ರ ನೋಂದಣಿ ಕಾಯ್ದೆಯ 35ನೇ ಕಲಂ ಹೇಳುತ್ತದೆ. ಆದರೆ ಮರೆವು ಆರಂಭವಾದವರು ಎರಡು ನಿಮಿಷದ ಮಟ್ಟಿಗೆ ಚೆನ್ನಾಗಿಯೇ ಮಾತಾಡುತ್ತಾರೆ. ಮಗನ ಮೇಲಿನ ಹೆದರಿಕೆ ಫೋಟೋದಲ್ಲಿ ಬೀಳುವುದಿಲ್ಲ.

ಅಪ್ಪ-ಅಮ್ಮನ ಪರವಾಗಿ ವ್ಯವಹರಿಸಲು ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಸಿದ್ದೇವಲ್ಲ ಎಂದು ನೆಮ್ಮದಿಯಿಂದಿರುವ ಹೊರನಾಡಿನವರು ಗಮನಿಸಬೇಕಾದದ್ದು ಇನ್ನೊಂದಿದೆ. 1872ರ ಭಾರತೀಯ ಕರಾರು ಕಾಯ್ದೆಯ 201ನೇ ಕಲಂ ಪ್ರಕಾರ, ಅಧಿಕಾರ ಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ಬೇಕಾದ ಹೊತ್ತಿಗೇ ಅದು ಕೈಕೊಡುತ್ತದೆ. ಆದರೂ ಅದನ್ನು ಹಿಡಿದುಕೊಂಡು ವ್ಯವಹಾರ ನಡೆಸುವವರು ಬಹಳ. ಅಪ್ಪನ ಸ್ಥಿತಿ ಹೇಗಿದೆ ಎಂದು ಯಾರೂ ವಿಚಾರಿಸುವುದಿಲ್ಲ. 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ಕೋರ್ಟು ಒಬ್ಬರನ್ನು ನೇಮಿಸುವ ದಾರಿಯಿತ್ತು. 2017ರ ಹೊಸ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ಮರೆವಿನ ಕಾಯಿಲೆಯವರ ಮನೆಮಂದಿ ಹೈಕೋರ್ಟಿಗೆ ರಿಟ್ ಹಾಕಿ ಪರಿಹಾರ ಪಡೆಯಬೇಕಾದ ಪರಿಸ್ಥಿತಿ ಬಂದಿದೆ. ಸಾಮಾನ್ಯ ಸಂಸಾರಕ್ಕೆ ಇದು ಆಗುವ ಮಾತೇ?

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಒಳ್ಳೆಯದು. ಅದರ 23ನೇ ಕಲಂ ಇಂಗ್ಲೆಂಡಿನಲ್ಲೂ ಇಲ್ಲದಂಥದ್ದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವರು ಕೈಬಿಟ್ಟರೆ ಆ ಪತ್ರವನ್ನೇ ರದ್ದು ಮಾಡಿಸಬಹುದು. ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿ (ಎ.ಸಿ.) ಮುಂದೆ ಅರ್ಜಿ, ಜಿಲ್ಲಾಧಿಕಾರಿ (ಡಿ.ಸಿ.) ಮುಂದೆ ಮೇಲ್ಮನವಿ. ಆದರೆ ಆ ಷರತ್ತು ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ತಾಯಿಯೊಬ್ಬರ ಪ್ರಕರಣದಲ್ಲಿ ಹಿರಿಯರ ಪರವಾಗಿ ಉದಾರವಾಗಿ ಓದಿ, ದಾನಪತ್ರದ ರದ್ದತಿಯನ್ನು ಎತ್ತಿಹಿಡಿದು, ಸ್ವತ್ತನ್ನು ತಾಯಿಗೆ ಮರಳಿಸಲು ಹೇಳಿತು. ಒಳ್ಳೆಯದಾಯಿತು. ಆದರೆ ಇದಿಷ್ಟೂ ನಡೆಯುವುದು ಆಸ್ತಿ ಹೋದ ಮೇಲೆ. ಹೆತ್ತ ಮಗನ ಮೇಲೆ ದೂರು ಕೊಡಲು ಆ ತಾಯಿ ಮನಸ್ಸು ಮಾಡಬೇಕು, ಎ.ಸಿ. ಕಚೇರಿಯ ಮೆಟ್ಟಿಲು ಹತ್ತಬೇಕು. ರಾತ್ರಿ ಊಟಕ್ಕೆ ಮತ್ತೆ ಅದೇ ಮನೆಗೆ ಹೋಗಬೇಕು.

ಇಂಗ್ಲೆಂಡಿನಲ್ಲಿ ಹಾಗಲ್ಲ. 2014ರ ಕೇರ್ ಕಾಯ್ದೆಯ ಪ್ರಕಾರ, ಆರೈಕೆ ಬೇಕಾದ ವ್ಯಕ್ತಿಗೆ ಅನ್ಯಾಯವಾಗುತ್ತಿದೆ ಎಂಬ ಸಂಶಯ ಬಂದರೆ ಸ್ಥಳೀಯ ಕೌನ್ಸಿಲ್ ವಿಚಾರಿಸಲೇಬೇಕು. ಹಣದ ಅನ್ಯಾಯವನ್ನೂ ಕಾಯ್ದೆ ಹೆಸರಿಸಿಯೇ ಸೇರಿಸಿದೆ. ತಾಯಿಯೇ ದೂರು ಕೊಡಬೇಕೆಂದಿಲ್ಲ. ನರ್ಸು, ಬ್ಯಾಂಕಿನವರು, ಪಕ್ಕದ ಮನೆಯವರು ಯಾರು ಬೇಕಾದರೂ ತಿಳಿಸಬಹುದು.

ಹಾಗೆಂದು ಇಲ್ಲಿ ಎಲ್ಲವೂ ಸರಿಯಿಲ್ಲ. ಇಂಥ ಪ್ರಕರಣಗಳನ್ನೇ ವಿಚಾರಿಸುವ ಕೋರ್ಟ್ ಆಫ್ ಪ್ರೊಟೆಕ್ಷನ್‌ನ ಹಿರಿಯ ನ್ಯಾಯಾಧೀಶರಾಗಿದ್ದ ಡೆನ್ಜಿಲ್ ಲಷ್, ನಿವೃತ್ತಿಯ ನಂತರ 2017ರಲ್ಲಿ, ತಾನಂತೂ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಪತ್ರಕ್ಕೆ ಸಹಿ ಹಾಕುವುದಿಲ್ಲ ಎಂದರು. ಹಣಕಾಸು ನೋಡಿಕೊಳ್ಳಲು ಕೋರ್ಟೇ ನೇಮಿಸಿದ 'ಡೆಪ್ಯುಟಿ'ಯಾದರೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಬೇಕು. ಪತ್ರದ ಮೂಲಕ ಅಧಿಕಾರ ಪಡೆದ ಮಗನನ್ನು, ದೂರು ಬರುವವರೆಗೆ ಯಾರೂ ಲೆಕ್ಕ ಕೇಳುವುದಿಲ್ಲ. ಅವರ ಮಾತು ಸರಿ. ನಮ್ಮಂಥ ವಲಸಿಗರ ಮನೆಗಳಲ್ಲಿ ಇನ್ನೂ ಒಂದು ತೊಡಕು. ಇಂಗ್ಲಿಷ್ ಬಾರದ ತಾಯಿಯ ಪರವಾಗಿ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಮಾತಾಡುವವನು ಮಗನೇ. ಅವನೇ ದುಡ್ಡು ತೆಗೆಯುತ್ತಿದ್ದರೆ ಆಕೆ ಯಾರಿಗೆ, ಯಾವ ಭಾಷೆಯಲ್ಲಿ ಹೇಳಬೇಕು? ಇಲ್ಲಿನ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವಗಳನ್ನು ಅಷ್ಟು ಚೆನ್ನಾಗಿ ಮಾಡುತ್ತವೆ. ಹಿರಿಯರ ಜತೆ ಕನ್ನಡದಲ್ಲಿ ಒಂಟಿಯಾಗಿ ಕೂತು ಮಾತಾಡುವ ನಾಲ್ಕು ಜನರನ್ನೂ ಗೊತ್ತುಮಾಡಬೇಕು.

ಕರ್ನಾಟಕದಲ್ಲಿ ಇದಕ್ಕೆ ದೊಡ್ಡ ಕಾನೂನು ಬರುವವರೆಗೆ ಕಾಯಬೇಕಿಲ್ಲ. ಅರವತ್ತು ದಾಟಿದವರು ಮಕ್ಕಳ ಹೆಸರಿಗೆ ದಾನಪತ್ರ, ಹಕ್ಕು ಬಿಡುಗಡೆ ಪತ್ರ ಬರೆದುಕೊಡುವಾಗ ಉಪನೋಂದಣಾಧಿಕಾರಿ ಉಳಿದವರನ್ನು ಹೊರಗೆ ಕಳಿಸಿ, ಹತ್ತು ನಿಮಿಷ ಅವರೊಬ್ಬರ ಜತೆ ಮಾತಾಡಬೇಕು ಎಂಬ ಒಂದು ಸುತ್ತೋಲೆ ಸಾಕು. ಇದನ್ನು ಬರೆದುಕೊಟ್ಟ ಮೇಲೆ ಮನೆ ನಿಮ್ಮದಲ್ಲ, ಗೊತ್ತೇ? ನಿಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲಿದೆಯೇ? ಸೇರಿಸಬೇಕೇ? ಇಷ್ಟು ಕೇಳಿ, ಉತ್ತರವನ್ನು ಪತ್ರದ ಜತೆಗೇ ದಾಖಲಿಸಲಿ.

ಅಪ್ಪ-ಅಮ್ಮ ಈಗಾಗಲೇ ಬರೆದುಕೊಟ್ಟಿದ್ದರೆ ನಕಲು ತೆಗೆಸಿ ಆ ಷರತ್ತಿನ ಸಾಲು ಇದೆಯೇ ನೋಡಿ. ತೊಂದರೆಯ ಸುಳಿವು ಸಿಕ್ಕರೆ ಹಿರಿಯರ ಸಹಾಯವಾಣಿ 14567ಕ್ಕೆ ಅವರ ಪರವಾಗಿ ಬೇರೆಯವರೂ ಕರೆ ಮಾಡಬಹುದು. ಹಿರಿಯರಿಗೆ ಸ್ವತಃ ಅರ್ಜಿ ಹಾಕಲಾಗದಿದ್ದರೆ ಅವರು ಒಪ್ಪಿ ಸೂಚಿಸಿದವರು ಹಾಕಬಹುದು, ಎ.ಸಿ. ತಾವಾಗಿಯೇ ಪ್ರಕರಣ ಕೈಗೆತ್ತಿಕೊಳ್ಳಲೂ 2007ರ ಕಾಯ್ದೆಯಲ್ಲಿ ಅವಕಾಶವಿದೆ.